ಪೈಪಿನ ಮಾತು ಯಾರೂ ಹೇಳಲಿಲ್ಲ

ಬೆಳಗ್ಗೆ ಮೈ ತೊಳೆದು, ಹಣೆಗೆ ವಿಭೂತಿ ಎಳೆದು, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ತೀರ್ಥಮ್ಮನ ಗಂಟಲಿಗೆ ಒಂದು ಹನಿ ನೀರೂ ಇಳಿಯುವುದಿಲ್ಲ. ಜ್ವರ ಬರಲಿ, ಮದುವೆ ಮನೆಯ ಗಲಾಟೆಯಿರಲಿ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿರಲಿ, ಮೊದಲು ಅದು, ಆಮೇಲೆ ಕಾಫಿ. ಏಳು ವರ್ಷದ ಹುಡುಗಿಯಾಗಿದ್ದಾಗ ತವರಿನ ಮಠದಲ್ಲಿ ದೀಕ್ಷೆಯಾದಂದಿನಿಂದ ಒಂದು ದಿನವೂ ಈ ನೇಮ ತಪ್ಪಿದ್ದಿಲ್ಲ.

ಪೂಜೆ ಮುಗಿಸಿ ಕರಡಿಗೆಯನ್ನು ಸೆರಗಿನೊಳಗೆ ಇಳಿಬಿಟ್ಟುಕೊಂಡು ಹೊರಟರೆ ನೇರ ಗಿರಣಿಗೆ. ಅಜ್ಜಂಪುರದ ಸಂತೆಬೀದಿಯ ಹಿಂದೆ ಅವರದೊಂದು ಹಿಟ್ಟಿನ ಗಿರಣಿ. ಹೆಸರಿಗೆ ಗಂಡ ಬೆನಕಪ್ಪನದು. ಆದರೆ ಸವೆದ ಬೀಸುಗಲ್ಲಿಗೆ ಮತ್ತೆ ಗೆರೆ ಕೊರೆಯುವುದು, ಬೆಲ್ಟು ಬಿಗಿಯುವುದು, ರಾಗಿ ಬೀಸಿದ ಕಲ್ಲಿಗೆ ಗೋಧಿ ಹಾಕುವ ಮುಂಚೆ ಒಂದು ಹಿಡಿ ಅಕ್ಕಿ ಹರಿಸಿ ತೊಳೆಯುವುದು, ಎಲ್ಲ ತೀರ್ಥಮ್ಮನೇ. ಮದುವೆಯಾಗಿ ಬಂದ ವರ್ಷದಿಂದ ರಾಗಿ ಮೂಟೆಗಳನ್ನು ಸೊಂಟಕ್ಕೆ ಕೊಟ್ಟು ಎತ್ತಿದ್ದಾರೆ. ಹೆರಿಗೆಯಾಗಿ ತಿಂಗಳು ತುಂಬುವ ಮೊದಲೇ ಎತ್ತಿದ್ದಾರೆ. ಹುಬ್ಬಿನ ಮೇಲೆಲ್ಲ ಹಿಟ್ಟಿನ ಧೂಳು ಕೂತಾಗ ಗಿರಾಕಿಗಳು, "ಏನ್ ತೀರ್ಥಮ್ಮ, ಇವತ್ತು ವಿಭೂತಿ ಜಾಸ್ತಿ ಆಗೈತಲ್ಲ" ಅಂದರೆ, "ನಿಮ್ಮನೆ ರಾಗೀನೇ ಕಣ್ರೀ, ಮನೆಗೋಗಿ ತೂಗಿ ನೋಡಿ" ಅನ್ನುವ ಹೆಣ್ಣು.

ಅಂಥ ಬಾಯಿಯ ಹೆಂಗಸು ಒಂದು ಮಾತನ್ನು ಮಾತ್ರ ವರ್ಷಗಟ್ಟಲೆ ಬಾಯೊಳಗೇ ಇಟ್ಟುಕೊಂಡರು. ಅವರ ಗರ್ಭಕೋಶ ಕೆಳಗೆ ಜಾರಿತ್ತು.

ಮೊದಮೊದಲು ಸಂಜೆ ಹೊತ್ತಿಗೆ ಏನೋ ಭಾರ ಇಳಿದಂತಾಗುತ್ತಿತ್ತು. ಆಮೇಲೆ ಕೆಮ್ಮಿದರೆ ಸೀರೆ ಒದ್ದೆ. ಬರಬರುತ್ತಾ ಕೂತರೆ ಒತ್ತಿ, ನಿಂತರೆ ತಿಕ್ಕಿ ಹುಣ್ಣಾಯಿತು. ಹಳೆಯ ಪಂಚೆ ಹರಿದು ಕಟ್ಟಿಕೊಂಡು ಗಿರಣಿಯಲ್ಲಿ ನಿಲ್ಲುತ್ತಿದ್ದರು. ಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂರಲಾರದೆ ಗೋಡೆಗೆ ಒರಗಿ ಒಂದು ಕಾಲು ಚಾಚಿ ಕೂರುವುದನ್ನು ಸೊಸೆ ಸಂಗೀತಾ ನೋಡಿದಳು. ಬಚ್ಚಲಲ್ಲಿ ಒಣಹಾಕಿದ ಬಟ್ಟೆಗಳನ್ನೂ ನೋಡಿದಳು. ಕೇಳಿಯೇ ಬಿಟ್ಟಳು.

"ಎಷ್ಟು ದಿನದಿಂದ ಅತ್ತೆ ಇದು?"

"ಏ, ಹೋಗೇ. ಹೆಂಗಸ್ರಿಗೆ ಇದ್ದಿದ್ದೇ."

"ಇದ್ದಿದ್ದೇ ಅಂದ್ರೆ? ಬಸ್ಸಿನ ಟೈರು ಪಂಚರಾಗೋದೂ ಇದ್ದಿದ್ದೇ. ಹಾಕಿಸಲ್ವಾ?"

ಹಾಗೆ ಸೊಸೆಯ ಬಲವಂತಕ್ಕೆ ತರೀಕೆರೆಯ ಒಂದು ಆಸ್ಪತ್ರೆಗೆ ಹೋಗಿದ್ದು. ಅಲ್ಲಿ ನಡೆದದ್ದನ್ನು ತೀರ್ಥಮ್ಮ ಇವತ್ತಿಗೂ ಹಲ್ಲು ಕಚ್ಚದೆ ಹೇಳಲಾರರು.

ಪರೀಕ್ಷೆ ಮಾಡುವ ಮೇಜಿಗೆ ಪರದೆಯಿತ್ತು, ಎಳೆಯುವವರಿರಲಿಲ್ಲ. ಬಾಗಿಲು ತೆರೆದೇ ಇತ್ತು. ಡಾಕ್ಟರು ಕೈ ತೊಳೆಯುತ್ತಾ ಗೋಡೆಗೆ ಹೇಳಿದಂತೆ ಹೇಳಿದರು: ಗರ್ಭಕೋಶ ತೆಗೆಯಬೇಕು, ಆಪರೇಷನ್ನು, ಕ್ಯಾತಿಟರ್ ಹಾಕಿರ್ತೀವಿ, ಅಡ್ಮಿಟ್ ಆಗಿ.

"ಅಂಗಂದ್ರೇನು ಸ್ವಾಮಿ?"

"ಉಚ್ಚೆ ಹೋಗೋಕೆ ಪೈಪು."

"ಎಲ್ಲಿಗೆ ಹಾಕ್ತೀರಿ? ಎಷ್ಟು ದಿನ?"

"ಅದೆಲ್ಲ ನಿಮಗ್ಯಾಕಮ್ಮ? ಆಪರೇಷನ್ ಬೇಕೋ ಬೇಡ್ವೋ ಅಷ್ಟು ಹೇಳಿ. ನೆಕ್ಸ್ಟ್!"

ಅದೆಲ್ಲ ನಿಮಗ್ಯಾಕಮ್ಮ! ಯಾರ ಮೈ ಅದು? ಗಿರಣಿಗೆ ಹೊಸ ಬೆಲ್ಟು ಹಾಕಲು ಬರುವ ಮೆಕ್ಯಾನಿಕ್ಕು ಕೂಡ ಎಲ್ಲಿ ಹಾಕ್ತೀನಿ, ಎಷ್ಟು ದಿನ ಬಾಳಿಕೆ ಬರುತ್ತೆ ಅಂತ ಹೇಳಿಯೇ ನಟ್ಟು ಬಿಚ್ಚುತ್ತಾನೆ. ಹೊರಗೆ ಬೆಂಚಿನ ಮೇಲೆ ಕೂತು ಸೆರಗು ಸರಿ ಮಾಡಿಕೊಳ್ಳುತ್ತಿದ್ದಾಗ ಕಾರಿಡಾರಿನಲ್ಲಿ ಇಬ್ಬರು ನರ್ಸುಗಳು ನಗುವುದು ಕೇಳಿಸಿತು. "ಅಜ್ಜಿಗೆ ಪೈಪಿನ ಭಯ ಕಣೇ." ತೀರ್ಥಮ್ಮ ಎದ್ದರು. ಸಂಗೀತಾ ಚೀಟಿ ಹಿಡಿದು ಹಿಂದೆ ಓಡಿ ಬರುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಾಗಿತ್ತು.

ನಗು ಅವಮಾನವಾಯಿತು, ನಿಜ. ಆದರೆ ಭಯವೂ ಸುಳ್ಳಲ್ಲ. ಬೆನಕಪ್ಪನ ಅಕ್ಕ ದಾಕ್ಷಾಯಣಮ್ಮನನ್ನು ಅಮೃತಾಪುರಕ್ಕೆ ಕೊಟ್ಟಿದೆ. ಆಕೆಯ ಮೈದುನ ಮುದ್ದಪ್ಪನಿಗೆ ವರ್ಷಗಳಿಂದ ಪೈಪು ಹಾಕಿದೆ. ಎಲ್ಲಿಗೆ ಹೋದರೂ ತರಕಾರಿ ಬ್ಯಾಗಿನಲ್ಲಿ ಉಚ್ಚೆಯ ಚೀಲ ಮುಚ್ಚಿಟ್ಟುಕೊಂಡು ಕಾಲೆಳೆಯುತ್ತಾ ಬರುತ್ತಾನೆ. ಮದುವೆ ಮನೆಗಳಲ್ಲಿ ಅವನ ಪಕ್ಕದ ಎಲೆ ಖಾಲಿ ಉಳಿಯುತ್ತದೆ. ತೀರ್ಥಮ್ಮ ಕಣ್ಣಾರೆ ಕಂಡದ್ದು ಆ ಒಂದೇ ಪೈಪು. ದಾಕ್ಷಾಯಣಮ್ಮ ಬಂದು ಗಾಯಕ್ಕೆ ಖಾರ ಹಾಕಿದಳು.

"ಒಂದ್ಸಲ ಹಾಕಿದ್ರು ಅಂದ್ರೆ ಮುಗೀತು ಕಣೇ ತೀರ್ಥಿ. ಆಮೇಲೆ ತಾನಾಗಿ ಹೋಗೋ ದಾರೀನೇ ಮರ್ತೋಗ್ತದೆ. ನಮ್ಮ ಮುದ್ದಪ್ಪನ್ನ ನೋಡಿಲ್ವಾ? ಹಾಕುವಾಗ ಅವ್ನು ಕಿರುಚಿದ್ದು ಬೀದಿ ಕೊನೆಗೆ ಕೇಳ್ತು."

ಅಷ್ಟೇ. ಎರಡು ವರ್ಷ ತೀರ್ಥಮ್ಮ ಆಸ್ಪತ್ರೆಯ ಹೆಸರೆತ್ತಲಿಲ್ಲ. ಹುಣ್ಣಿಗೆ ಕೊಬ್ಬರಿ ಎಣ್ಣೆ, ಬೇರಿನ ಕಷಾಯ, ಅಂತರಘಟ್ಟಮ್ಮನಿಗೆ ಒಂದು ಹರಕೆ. ಕೊನೆಗೆ ಮೂತ್ರ ಹೋಗಬೇಕಾದರೆ ಬಚ್ಚಲಲ್ಲಿ ಕೂತು ಕೈಯಿಂದ ಮೇಲಕ್ಕೆ ತಳ್ಳಿಕೊಳ್ಳಬೇಕಾಯಿತು. ಒಂದು ದಿನ ತಳ್ಳಿದರೂ ಹೋಗಲಿಲ್ಲ. ಹೊಟ್ಟೆ ಕಲ್ಲಾಗಿ, ಬೆವರು ಹರಿದು, ತುಂಬ ಹೊತ್ತಿನ ಮೇಲೆ ತುಸು ಹೋಯಿತು. ಸಂಗೀತಾ ಇನ್ನು ಒಪ್ಪಿಗೆ ಕೇಳಲಿಲ್ಲ. ಅತ್ತೆಯ ಸೀರೆಗಳನ್ನು ಬ್ಯಾಗಿಗೆ ತುಂಬಿ, ರೈಲು ಹತ್ತಿಸಿ, ಕಡೂರಿಗೆ ಕರೆದುಕೊಂಡು ಹೋದಳು.

ಅಲ್ಲಿ ಒಂದು ಸಣ್ಣ ಆಸ್ಪತ್ರೆಯಲ್ಲಿ ಸಂಹಿತಾ ಅಂತ ಲೇಡಿ ಡಾಕ್ಟರು. ತಾವೇ ಎದ್ದು ಬಾಗಿಲು ಹಾಕಿದರು. ನೋಡಿ ಮುಗಿಸಿ ಬಟ್ಟೆ ಹೊದಿಸಿದ ಮೇಲೆ ಮಾತು.

"ಇಷ್ಟು ಹುಣ್ಣಾಗೋ ತನಕ ಯಾಕೆ ಬಿಟ್ರಿ?"

"ಪೈಪು ಹಾಕ್ತೀರಾ?" ಅಂದರು ತೀರ್ಥಮ್ಮ, ಜಗಳಕ್ಕೆ ನಿಂತವರ ದನಿಯಲ್ಲಿ.

"ಹಾಕ್ತೀವಿ."

"ಹಂಗಾದ್ರೆ ಬತ್ತೀನಿ. ಏಳೇ ಸಂಗೀತಾ."

"ಕೂತ್ಕೊಳ್ಳಿ," ಅಂದರು ಡಾಕ್ಟರು. "ಹೋಗೋದಾದ್ರೆ ಹೋಗಿ. ಆದ್ರೆ ನೋಡಿ ಹೋಗಿ." ಡ್ರಾಯರ್ ಎಳೆದು ಕವರು ಹರಿದು ಒಂದು ಪೈಪನ್ನು ತೀರ್ಥಮ್ಮನ ಕೈಗೆ ಹಾಕಿದರು. "ಇದು ತೋರಿಸೋಕೆ ಇಟ್ಟಿರೋದು. ಎಳೀರಿ, ಬಗ್ಗಿಸಿ, ಏನ್ ಬೇಕಾದ್ರೂ ಮಾಡಿ."

ತೀರ್ಥಮ್ಮ ಹಿಡಿದು ನೋಡಿದರು. ಎರಡು ವರ್ಷದಿಂದ ಕನಸಿನಲ್ಲಿ ಕಾಣುತ್ತಿದ್ದದ್ದು ತೋಟಕ್ಕೆ ನೀರು ಬಿಡುವ ಕರಿ ಪೈಪಿನಂಥದ್ದು. ಇದು ಬಳಪದಷ್ಟು ದಪ್ಪ, ಬೇಯಿಸಿದ ಶಾವಿಗೆಯ ಹಾಗೆ ಬಾಗುತ್ತದೆ.

"ಇದನ್ನ ಹಾಕುವಾಗ್ಲಾ ಮುದ್ದಪ್ಪ ಕಿರುಚಿದ್ದು?"

ಮುದ್ದಪ್ಪ ಯಾರು ಅಂತ ಸಂಗೀತಾ ಹೇಳಿದಳು. ಡಾಕ್ಟರು ತಲೆಯಾಡಿಸಿದರು. "ಅವ್ರದ್ದು ಬೇರೆ ಕಾಯಿಲೆ ಇರ್ಬೇಕು. ಗಂಡಸ್ರ ದಾರಿ ಉದ್ದ. ಮೂತ್ರ ಕಟ್ಟಿ ಹೊಟ್ಟೆ ಊದಿದಾಗ, ಎಚ್ಚರ ಇದ್ದಾಗ ಹಾಕಿರ್ತಾರೆ, ನೋವಾಗಿರುತ್ತೆ. ಆ ಕಾಯಿಲೆ ಹೋಗ್ಲಿಲ್ಲ, ಪೈಪೂ ಹೋಗ್ಲಿಲ್ಲ. ನಿಮಗೆ ಬೆನ್ನಿಗೆ ಸೂಜಿ ಕೊಟ್ಟು, ಸೊಂಟದ ಕೆಳಗೆ ಜೋಮು ಹಿಡಿದ ಮೇಲೆ ಹಾಕೋದು. ಹಾಕಿದ್ದು ಗೊತ್ತಾಗಲ್ಲ."

"ಯಾರು ಹಾಕೋದು? ಗಂಡಸ್ರಾ?"

"ನಾನು, ಇಲ್ಲಾಂದ್ರೆ ಸಿಸ್ಟರು. ಸೂಜಿ ಕೊಡೋ ಡಾಕ್ಟರು ಗಂಡಸು. ಅವರು ನಿಮ್ಮ ತಲೆ ಕಡೆ ನಿಂತಿರ್ತಾರೆ."

"ಆಪರೇಷನ್ ಗರ್ಭಕ್ಕೆ. ಉಚ್ಚೆ ದಾರೀಲಿ ಪೈಪ್ಯಾಕೆ?"

"ಎರಡೂ ಅಂಟಿಕೊಂಡೇ ಇರೋದು. ಹೊಟ್ಟೆಯೊಳಗಿನ ಮೂತ್ರದ ಚೀಲ ತುಂಬಿ ಉಬ್ಬಿದ್ರೆ ನನ್ನ ಕತ್ತರಿಗೆ ತಗುಲುತ್ತೆ. ಖಾಲಿ ಇದ್ರೆ ಪಕ್ಕಕ್ಕೆ ಸರಿಯುತ್ತೆ. ಆಪರೇಷನ್ ಆದ್ಮೇಲೂ ಜೋಮು ಇಳಿಯೋ ತನಕ ನಿಮಗೆ ಹೋಗ್ಬೇಕು ಅನ್ನೋದೇ ತಿಳಿಯಲ್ಲ. ಅಲ್ಲಿ ತನಕ ಪೈಪಲ್ಲಿ ತಾನಾಗಿ ಇಳೀತಾ ಇರುತ್ತೆ."

"ಹಿಟ್ಟು ಇಳಿಯಕ್ಕೆ ಗಿರಣಿ ಬಾಯಿಗೆ ಕಟ್ಟೋ ಬಟ್ಟೆ ತೋಳಿದ್ದಂಗೆ," ಅಂದರು ತೀರ್ಥಮ್ಮ, ತಮಗೇ ಹೇಳಿಕೊಂಡಂತೆ. ಮತ್ತೆ ತಲೆಯೆತ್ತಿ, "ಬೀಳದಂಗೆ ಹೆಂಗೆ ನಿಲ್ಲಿಸ್ತೀರಿ? ಹೊಲಿತೀರಾ?"

"ತುದೀಲಿ ಸಣ್ಣ ಬಲೂನಿದೆ ನೋಡಿ. ಒಳಗೆ ಹೋದ್ಮೇಲೆ ಚೂರು ನೀರು ತುಂಬಿದ್ರೆ ಉಬ್ಬಿ ಕೂರುತ್ತೆ. ನೀರು ಎಳ್ಕೊಂಡ್ರೆ ಜಾರಿ ಬರುತ್ತೆ. ಮಾರನೇ ದಿನ, ಹೆಚ್ಚಂದ್ರೆ ಅದರ ಮಾರನೇ ದಿನ ತೆಗೀತೀವಿ. ಸುಮ್ಮನೆ ಇಟ್ರೆ ಸೋಂಕಾಗುತ್ತೆ, ನಮಗೂ ಬೇಡ. ತೆಗೆದ ಮೇಲೆ ಒಂದೆರಡು ಸಲ ಉರಿಯುತ್ತೆ. ಕೆಲವರಿಗೆ ತಕ್ಷಣ ಸರಿಯಾಗಿ ಹೋಗಲ್ಲ, ಇನ್ನೂ ಸ್ವಲ್ಪ ದಿನ ಹಾಕ್ಬೇಕಾಗಬಹುದು. ಅದನ್ನೂ ಈಗಲೇ ಹೇಳಿದೀನಿ, ಆಮೇಲೆ ನನ್ನ ಬೈಬೇಡಿ."

ತೀರ್ಥಮ್ಮ ಪೈಪನ್ನು ಮೇಜಿನ ಮೇಲಿಟ್ಟರು. ಸಮಾಧಾನವಾಯಿತು ಅಂದುಕೊಂಡು ಸಂಗೀತಾ ಉಸಿರು ಬಿಟ್ಟಳು. ಆದರೆ ಅತ್ತೆಯ ಮುಖ ಕೆಂಪೇರುತ್ತಿತ್ತು.

"ಇಷ್ಟೇನಾ?"

"ಇಷ್ಟೇ."

"ಇಷ್ಟು ಹೇಳಕ್ಕೆ ಏನ್ ದಾಡಿಯಾಗಿತ್ತು ಅವ್ರಿಗೆಲ್ಲ? ನಾನೇನು ಡಾಕ್ಟ್ರಿಕೆ ಕಲಿಸಿ ಅಂದ್ನಾ? ಎರಡು ವರ್ಷ ಕಣ್ರೀ! ಎರಡು ವರ್ಷ ಹರಕು ಬಟ್ಟೆ ಕಟ್ಕೊಂಡು ಕೊಳೆತೆ ನಾನು. ನಗಕ್ಕೆ ಬಿಡುವಿತ್ತು ಅವ್ರಿಗೆ, ಹೇಳಕ್ಕೆ ಇರ್ಲಿಲ್ಲ!"

ಡಾಕ್ಟರು ಯಾರನ್ನೂ ಸಮರ್ಥಿಸಲಿಲ್ಲ. "ಬೈದಿದ್ದು ಸರಿ," ಅಂದರು. "ಆಪರೇಷನ್ ಯಾವತ್ತಿಗೆ ಇಟ್ಕೊಳ್ಳೋಣ?"

ಪೈಪು ಇರುವಾಗ ಲಿಂಗಪೂಜೆ ಮಾಡಬಹುದೇ ಅನ್ನುವ ಒಂದು ಪ್ರಶ್ನೆ ಮಾತ್ರ ತೀರ್ಥಮ್ಮನ ಬಾಯಿಗೆ ಬಂದು ಒಳಗೇ ಹೋಯಿತು. ಅದನ್ನು ಡಾಕ್ಟರಲ್ಲಿ ಹೇಗೆ ಕೇಳುವುದು? ಉತ್ತರದ ಜಾಗ ಖಾಲಿಯಿತ್ತಲ್ಲ, ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಗೆ ಬಂದ ದಾಕ್ಷಾಯಣಮ್ಮ ಅಲ್ಲಿಗೆ ಬಂದು ಕೂತಳು.

"ಕರಡಿಗೆ ಬಿಚ್ಚಿಕೊಡೇ."

"ಒಳಗೆ ಹೋಗುವಾಗ ಬಿಚ್ಚಕ್ಕೆ ಹೇಳವ್ರೆ ಅಕ್ಕ. ಆದ್ಮೇಲೆ ಕಟ್ಕೋತೀನಿ."

"ಆದ್ಮೇಲೆ? ಉಚ್ಚೆ ಚೀಲ ಮಂಚಕ್ಕೆ ನೇತಾಕ್ಕೊಂಡು ಲಿಂಗ ಕಟ್ಕೋತೀಯಾ? ಅದೇ ಕೈಯಲ್ಲಿ ಪೂಜೆ ಮಾಡ್ತೀಯಾ? ಶಿವಶಿವಾ! ಪೈಪು ತೆಗೆದು, ಮನೆಗೆ ಬಂದು, ತಲೆ ಮೇಲೆ ನೀರು ಹುಯ್ಕೊಂಡ್ಮೇಲೆ ಮುಟ್ಟು. ಅಲ್ಲಿ ತನಕ ಸಂಗೀತನ ಹತ್ರ ಇರ್ಲಿ."

ದೇವರ ವಿಷಯಕ್ಕೆ ಹೆದರಿಸಿದರೆ ಎಂಥ ಗಟ್ಟಿಗಿತ್ತಿಯೂ ತಗ್ಗುತ್ತಾಳೆ. ಹೆದರಿಸುವವರಿಗೂ ಅದು ಗೊತ್ತಿರುತ್ತದೆ. ತೀರ್ಥಮ್ಮ ಕೊರಳಿನ ದಾರ ಬಿಚ್ಚಿಕೊಟ್ಟರು. ಸಂಗೀತಾ ಅದನ್ನು ತನ್ನ ಕರಡಿಗೆಯ ಜೊತೆಗೇ ಕೊರಳಿಗೆ ಹಾಕಿಕೊಂಡಳು.

ಮರುದಿನ ಆಪರೇಷನ್ ಕೋಣೆಯಲ್ಲಿ ತೀರ್ಥಮ್ಮ ಕಣ್ಣು ಮುಚ್ಚಿ ಕಾದರು. ಬೆನ್ನಿಗೆ ಇರುವೆ ಕಡಿದಂತೆ ಸೂಜಿ. ಕಾಲು ಬೆಚ್ಚಗಾಗಿ, ಭಾರವಾಗಿ, ಯಾರದೋ ಕಾಲಿನಂತಾಯಿತು. ಇನ್ನೇನು ಹಾಕುತ್ತಾರೆ, ಇನ್ನೇನು ಹಾಕುತ್ತಾರೆ ಅಂತ ಹಲ್ಲು ಕಚ್ಚಿ ಹಿಡಿದು, ತಡೆಯಲಾರದೆ ಕೇಳಿದರು: "ಸಿಸ್ಟರೇ, ಪೈಪು ಯಾವಾಗ?"

"ಆಗ್ಲೇ ಹಾಕಾಯ್ತಲ್ಲಮ್ಮ."

ಆ ಮೇಜಿನ ಮೇಲೆ ಮಲಗಿದ್ದಾಗಲೇ ತೀರ್ಥಮ್ಮನಿಗೆ ಮತ್ತೊಮ್ಮೆ ಸಿಟ್ಟು ಬಂತು.

ಆಪರೇಷನ್ ಸುಸೂತ್ರವಾಯಿತು. ಜೋಮು ಇಳಿದ ಮೇಲೆ ಪೈಪಿನಿಂದ ನೋವಾಗಲಿಲ್ಲ. ಹೋಗಬೇಕು, ಹೋಗಬೇಕು ಅನ್ನುವ ಹಾಗೆ ಒಂದು ಕಿರಿಕಿರಿ ಮಾತ್ರ. ಬಲೂನು ತಾಕುವುದಕ್ಕೆ ಹಾಗಾಗುತ್ತೆ, ಎಳೆಯಬೇಡಿ ಅಂತ ಸಿಸ್ಟರು ಹೇಳಿ, ಚೀಲವನ್ನು ಮಂಚದ ಕೆಳಗಿನ ಕಂಬಿಗೆ ಸಿಕ್ಕಿಸಿ, ಬಂದವರಿಗೆ ಕಾಣದಂತೆ ಹೊದಿಕೆ ಇಳಿಬಿಟ್ಟರು.

ಮಾರನೇ ಬೆಳಗ್ಗೆ ಡ್ರಿಪ್ಪು ತೆಗೆದು, "ಇನ್ನು ನೀವೇ ಚೆನ್ನಾಗಿ ನೀರು ಕುಡೀಬೇಕು" ಅಂದು ಹೋದರು. ಸಂಗೀತಾ ಬಿಸಿನೀರು ತಂದಳು. ತೀರ್ಥಮ್ಮ ಮುಖ ತಿರುಗಿಸಿದರು. ಗಂಜಿ ತಂದಳು. ಬೇಡ. ಎಳನೀರು ತಂದಳು. ಬೇಡ. ತುಟಿ ಒಣಗಿ ಬಿರಿಯುತ್ತಿತ್ತು. ಮಧ್ಯಾಹ್ನ ಬಂದ ಡಾಕ್ಟರು ಬಗ್ಗಿ ಚೀಲ ನೋಡಿದರು. ತಳದಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ್ದು ಒಂದಿಷ್ಟು.

"ನೀರು ಕುಡೀತಿಲ್ವಾ? ಹೊಟ್ಟೆ ತೊಳಸುತ್ತಾ?"

ಸಂಗೀತಾ ತಡೆಯಲಾರದೆ ಹೇಳಿಬಿಟ್ಟಳು. "ಲಿಂಗಪೂಜೆ ಆಗದೆ ನಮ್ಮತ್ತೆ ನೀರು ಮುಟ್ಟಲ್ಲ ಮೇಡಂ. ಪೈಪ್ ಇರೋ ತನಕ ಪೂಜೆ ಮಾಡಂಗಿಲ್ವಂತೆ."

"ಯಾರು ಹೇಳಿದ್ದು?"

"ನಮ್ಮ ಮಾವನ ಅಕ್ಕ."

ಡಾಕ್ಟರು ಕುರ್ಚಿ ಎಳೆದು ಕೂತರು. "ನೋಡಿ ತೀರ್ಥಮ್ಮ, ನಿಮ್ಮ ಪೂಜೆ ವಿಷಯ ನಂಗೆ ಗೊತ್ತಿಲ್ಲ, ನಾನು ಮಾತಾಡಲ್ಲ. ಆದ್ರೆ ನೀರು ಕುಡೀದಿದ್ರೆ ಸೋಂಕಾಗುತ್ತೆ. ನಾಳೆ ಪೈಪ್ ತೆಗೀಬೇಕು ಅಂದ್ಕೊಂಡಿದೀನಿ, ಹಿಂಗಾದ್ರೆ ತೆಗೆಯೋಕಾಗಲ್ಲ. ಈ ಪೈಪು ಉಚ್ಚೆ ಹೊಸದಾಗಿ ತಂದಿಲ್ಲ ಕಣಮ್ಮ. ದಿನಾ ಮೈಯೊಳಗೆ ಇದ್ದಿದ್ದೇ. ಈಗ ಚೀಲದಲ್ಲಿ ಕಾಣುತ್ತೆ, ಅಷ್ಟೇ."

ದಿನಾ ಮೈಯೊಳಗೆ ಇದ್ದಿದ್ದೇ.

ತೀರ್ಥಮ್ಮ ಸೂರು ನೋಡುತ್ತಾ ಮಲಗಿದರು. ದೀಕ್ಷೆಯ ದಿನ ಮಠದ ಗುರುಗಳು ಅಂಗೈಗೆ ಲಿಂಗವಿಟ್ಟು ಹೇಳಿದ ಮಾತು ನೆನಪಾಯಿತು: ಲಿಂಗ ಮೈಮೇಲಿದ್ದವಳಿಗೆ ಸೂತಕವಿಲ್ಲ ಮಗಳೇ. ದೊಡ್ಡವಳಾದಾಗ ಅಮ್ಮ ಅದನ್ನೇ ಹೇಳಿ ತಿಂಗಳ ದಿನಗಳಲ್ಲೂ ಪೂಜೆಗೆ ಕೂರಿಸಿದ್ದಳು. ಹೆರಿಗೆಯ ನೋವಿನಲ್ಲಿ ಕರಡಿಗೆಯನ್ನೇ ಮುಷ್ಟಿಯಲ್ಲಿ ಹಿಡಿದು ಎರಡು ಮಕ್ಕಳನ್ನು ಹೆತ್ತಿದ್ದರು, ರಕ್ತದ ಮಡುವಿನಲ್ಲಿ. ಆಗ ಓಡಿಹೋಗದ ಶಿವ ಶಾವಿಗೆಯಂಥ ಒಂದು ಪೈಪಿಗೆ ಓಡಿಹೋಗುತ್ತಾನೆಯೇ? ಮತ್ತೆ ಆ ಮುದ್ದಪ್ಪ! ವರ್ಷಗಟ್ಟಲೆ ಚೀಲ ಕಟ್ಟಿಕೊಂಡೇ ಅವನು ಬೆಳಗ್ಗೆ ಪೂಜೆ ಮಾಡುವುದನ್ನು ಅಮೃತಾಪುರದ ಮನೆಯಲ್ಲಿ ತಾವೇ ನೋಡಿದ್ದಾರಲ್ಲ? ದಾಕ್ಷಾಯಣಮ್ಮ ಅವನಿಗೆ ಒಂದು ದಿನವೂ ಬಿಚ್ಚಿಕೊಡು ಅನ್ನಲಿಲ್ಲ. ಗಂಡಸಿನ ಪೈಪು ಕಾಯಿಲೆ. ಹೆಂಗಸಿನ ಪೈಪು ಮೈಲಿಗೆ.

"ಸಂಗೀತಾ!"

ಪಕ್ಕದ ಮಂಚದವರು ಬೆಚ್ಚಿದರು.

"ಏನತ್ತೆ?"

"ತಾ ಇಲ್ಲಿ ನನ್ನ ಲಿಂಗ. ಯಾವಳು ಅವ್ಳು, ನನ್ನ ಕೊರಳಿಂದ ಬಿಚ್ಚಿಸಕ್ಕೆ? ಅವ್ಳು ಕಟ್ಟಿದ್ಲಾ? ಕೊಟ್ಟ ನನಗೆ ಬುದ್ಧಿ ಬ್ಯಾಡ್ವಾ, ಥೂ! ತಾ, ಆ ಒದ್ದೆ ಬಟ್ಟೆನೂ ತಾ, ಕೈ ಒರೆಸ್ಕೋತೀನಿ."

ಸಂಗೀತಾ ದಿಂಬು ಎತ್ತರಿಸಿದಳು. ಬಾಟಲಿಯ ನೀರು, ಪೊಟ್ಟಣದ ವಿಭೂತಿ. ತೀರ್ಥಮ್ಮ ಎಡ ಅಂಗೈ ತೆರೆದು ಲಿಂಗವಿಟ್ಟು ಕಣ್ಣು ಮುಚ್ಚಿದರು. ಮಂಚದ ಕೆಳಗೆ ಚೀಲ ತನ್ನ ಪಾಡಿಗೆ ತಾನಿತ್ತು. ವಾರ್ಡಿನಲ್ಲಿ ಯಾರೋ ರೇಡಿಯೋ ಸಣ್ಣಗೆ ಮಾಡಿದರು. ಪೂಜೆ ಮುಗಿದಾಗ ಸಿಟ್ಟೂ ಕಣ್ಣೀರೂ ಒಟ್ಟಿಗೇ ಬಂದಿದ್ದವು. ಲೋಟ ಎತ್ತಿ ಗಟಗಟನೆ ಕುಡಿದರು. "ಇನ್ನೊಂದು ಕೊಡು."

ಸಂಜೆಗೆ ಚೀಲದ ಬಣ್ಣ ತಿಳಿಯಾಯಿತು. ಮರುದಿನ ಸಿಸ್ಟರು ಪರದೆ ಎಳೆದು, ಸಿರಿಂಜಿನಲ್ಲಿ ಬಲೂನಿನ ನೀರು ಎಳೆದುಕೊಂಡು, "ಉಸಿರು ಎಳ್ಕೊಂಡು ಬಿಡಿ" ಅಂದರು. ಬಿಡುವಷ್ಟರಲ್ಲಿ ಪೈಪು ಅವರ ಕೈಯಲ್ಲಿತ್ತು. ಮೊದಲ ಸಲ ಬಚ್ಚಲಿಗೆ ಹೋದಾಗ ಮೆಣಸಿನಕಾಯಿ ಮುಟ್ಟಿದಂತೆ ಉರಿಯಿತು, ಹೇಳಿದ್ದಂತೆಯೇ. ಆದರೆ ಕೈಯಲ್ಲಿ ತಳ್ಳಿಕೊಳ್ಳದೆ, ಒರಗದೆ, ತಾನಾಗಿ ಹೋಯಿತು. ಎಷ್ಟು ಕಾಲವಾಗಿತ್ತು ಹಾಗೆ! ಹೊರಗೆ ಕಾದಿದ್ದ ಸಂಗೀತಾ, "ಆಯ್ತಾ ಅತ್ತೆ?" ಅಂತ ಕೂಗಿದರೆ, "ಊರಿಗೆಲ್ಲ ಡಂಗುರ ಹೊಡಿಯೇ!" ಅಂತ ಒಳಗಿನಿಂದ ಉತ್ತರ ಬಂತು.

ಊರಿಗೆ ಬಂದ ಮೇಲೆ ಮೂಟೆ ಎತ್ತುವುದನ್ನು ಬೆನಕಪ್ಪ ಬಿಡಿಸಿದ್ದಾನೆ, ಆಳು ಇಟ್ಟಿದ್ದಾನೆ. ತೀರ್ಥಮ್ಮ ಕುರ್ಚಿ ಹಾಕಿಕೊಂಡು ಗಿರಣಿಯ ಬಾಗಿಲಲ್ಲಿ ಕೂರುತ್ತಾರೆ. ಅಲ್ಲಿಗೇ ಒಂದು ದಿನ ದಾಕ್ಷಾಯಣಮ್ಮ ಬಂದಳು, ಬಾಳೆಹಣ್ಣು ಹಿಡಿದು. ಆಸ್ಪತ್ರೆಯಲ್ಲಿ ನಡೆದದ್ದು ಆಕೆಯ ಕಿವಿಗೂ ಬಿದ್ದಿತ್ತು. ಲಿಂಗದ ಮಾತು ಆಕೆ ಎತ್ತಲಿಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಊರಲ್ಲಿ ಕೇಳ್ತಾವ್ರೆ ಕಣೇ, ತೀರ್ಥಮ್ಮಂಗೆ ಏನಾಗಿತ್ತು ಅಂತ. ನಾನು ಬಾಯಿ ಬಿಟ್ಟಿಲ್ಲ. ಪಿತ್ತಕೋಶದಲ್ಲಿ ಕಲ್ಲಿತ್ತು ಅಂತ ಹೇಳ್ಬಿಡ್ತೀನಿ ಎಲ್ರಿಗೂ. ಗರ್ಭ, ಪೈಪು, ಚೀಲ, ಅದೆಲ್ಲ ಯಾಕೆ? ನಿನ್ನ ಮರ್ಯಾದೆ ನಾನು ಕಾಯ್ತೀನಿ ಬಿಡು."

ರಾಗಿ ಡಬ್ಬ ತಂದಿದ್ದ ಅಂತರಘಟ್ಟೆಯ ಹೆಂಗಸೊಬ್ಬಳು ಸರದಿಗೆ ಕಾಯುತ್ತಿದ್ದಳು. ಬೆಂಚು ಖಾಲಿಯಿದ್ದರೂ ಕೂತಿರಲಿಲ್ಲ. ಗೋಡೆಗೆ ಒರಗಿ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತಾ ನಿಂತಿದ್ದಳು. ಆಕೆ ಬಂದಾಗಿನಿಂದ ತೀರ್ಥಮ್ಮ ಅವಳನ್ನೇ ನೋಡುತ್ತಿದ್ದರು. ಆ ನಿಲುವು ಅವರಿಗೆ ಚೆನ್ನಾಗಿ ಗೊತ್ತು.

"ಬ್ಯಾಡ ಅಕ್ಕ," ಅಂದರು, ಗಿರಣಿಯ ಸದ್ದಿನಲ್ಲೂ ಗೋಡೆಗೆ ಒರಗಿದವಳಿಗೆ ಕೇಳುವಂತೆ. "ಆ ಉಪಕಾರ ಮಾಡ್ಬ್ಯಾಡ. ನಂಗೆ ಕಲ್ಲೂ ಇರ್ಲಿಲ್ಲ, ಮಣ್ಣೂ ಇರ್ಲಿಲ್ಲ. ಗರ್ಭ ಜಾರಿತ್ತು, ತೆಗೆಸ್ದೆ. ಪೈಪು ಹಾಕಿದ್ರು, ತೆಗೆದ್ರು. ಕೇಳಿದವ್ರಿಗೆ ನಾನೇ ಹೇಳ್ತೀನಿ."